ಖತಿಜಾಬಿಗೆ ಮಾತಾಡಲು ಪರವಾನಗಿ

ಸಂಪಗಾಂವ
೯ ಫೆಬ್ರುವರಿ ೧೯೯೮

ಮಹಾನಂದಾ ಮೇಡಂ ಅವರಿಗೆ,

ದಿಲಶಾದ ನದಾಫ ಮಾಡುವ ಸಲಾಂ. ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ಪದ್ಧತಿ. ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಅದಕ್ಕೇ ಆ ಸಾಲು ಬಿಟ್ಟಿದ್ದೇನೆ.

ನಿಮಗೆ ನನ್ನ ಗುರುತು ಹತ್ತಲಿಕ್ಕಿಲ್ಲ. ಹೋದ ತಿಂಗಳು ನೀವು ಸವದತ್ತಿಯಿಂದ ಬೈಲಹೊಂಗಲಕ್ಕೆ ಬಂದು ಶಿಬಿರದಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡಿದಿರಲ್ಲ, ಆವತ್ತು ಹಸಿರು ಫ್ರಾಕು ತೊಟ್ಟ ನಾಲ್ಕು ವರ್ಷದ ಹುಡುಗಿ ಫರೀನ್ ಎಂಬವಳು ಬಂದಿದ್ದಳು. ನಾನು ಅವಳ ತಾಯಿ. "ಎರಡೂ ಕಿವಿ ಏನೂ ಕೇಳಿಸುವುದಿಲ್ಲ, ಕಿವಿಯಂತ್ರದಿಂದ ಉಪಯೋಗವಿಲ್ಲ, ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿ" ಎಂದು ಕಾಗದ ಬರೆದುಕೊಟ್ಟಿರಿ. ಜೊತೆಗೆ ಬಾಯಿಮಾತಿನಲ್ಲಿ ಇನ್ನೊಂದು ಹೇಳಿದಿರಿ: "ಮನೆಯಲ್ಲಿ ಒಂದೇ ಭಾಷೆ ಇರಲಿ, ಕನ್ನಡವೇ ಇರಲಿ. ಮಗುವಿನ ಮುಂದೆ ಉರ್ದು ಬೇಡ, ಗೊಂದಲವಾಗುತ್ತದೆ."

ಆ ಮಾತು ನನ್ನ ಅತ್ತೆ ಖತಿಜಾಬಿಯ ಕಿವಿಗೆ ಬಿದ್ದಿತು. ಅಂದಿನಿಂದ ಅವರು ಮೊಮ್ಮಗಳ ಮುಂದೆ ತುಟಿ ಬಿಚ್ಚಿಲ್ಲ. ಪಕ್ಕದ ಮನೆಯ ಸತ್ಯವ್ವನ ಜೊತೆ ದಿನವಿಡೀ ಕನ್ನಡದಲ್ಲೇ ಹರಟುವ ಹೆಂಗಸು ಅವರು. ಕೂಸಿನ ಜೊತೆಗೂ ಕನ್ನಡದಲ್ಲೇ ಮಾತಾಡಿ ಎಂದು ನಾನು ಹೇಳಿ ನೋಡಿದೆ. "ಏ ಹುಡುಗಿ, ಕನ್ನಡ ನನಗ ಬಜಾರದಾಗ ಬರತೈತಿ, ಜಗಳಕ್ಕ ಬರತೈತಿ. ಕೂಸಿನ್ನ ಮುದ್ದ ಮಾಡಾಕ ಬರೂದಿಲ್ಲ. ನನ್ನ ಬಾಯಿಂದ ಕೂಸು ಕೆಡೂದು ಬ್ಯಾಡ" ಎಂದರು. ಈದ್ ದಿನ ಮೊಮ್ಮಗಳಿಗೆ ಹೊಸ ಅಂಗಿ ತೊಡಿಸಿದರು, ಹಾಲು-ಶಾವಿಗೆಯ ಸುರಕುಂಬಾ ಕುಡಿಸಿದರು, ಒಂದೇ ಒಂದು ಮಾತಿಲ್ಲ! ಫರೀನ್ ಅವರ ಗದ್ದ ಹಿಡಿದು ಬಾಯಿಯನ್ನೇ ನೋಡುತ್ತಿದ್ದಳು.

ನಾನು ಬೈಲಹೊಂಗಲದಲ್ಲಿ ಎಸ್.ಎಸ್.ಎಲ್.ಸಿ. ಪಾಸಾದವಳು, ಕನ್ನಡದಲ್ಲಿ ಎಂಬತ್ತನಾಲ್ಕು ಅಂಕ. ಆದ್ದರಿಂದ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಏನೂ ಕೇಳಿಸದ ಕಿವಿಗೆ ಉರ್ದು ಹೇಗೆ ಕೆಡುಕು ಮಾಡುತ್ತದೆ?

ಜೂನಿನಲ್ಲಿ ಫರೀನಳನ್ನು ದೂರದ ವಸತಿ ಶಾಲೆಗೆ ಬಿಟ್ಟು ಬರಬೇಕೆಂದು ನಮ್ಮವರು, ಖಾಸಿಮಸಾಬರು, ಅರ್ಜಿ ತಂದಿಟ್ಟಿದ್ದಾರೆ. ಕಾಗದದ ಮೇಲೆ ಬರೆದದ್ದೆಂದರೆ ಅವರಿಗೆ ಅದೇ ಖರೆ. ಅಷ್ಟರೊಳಗೆ ಉತ್ತರ ಬರೆಯಿರಿ.

ಇಂತಿ,
ದಿಲಶಾದ


ಸವದತ್ತಿ
೨೦ ಫೆಬ್ರುವರಿ ೧೯೯೮

ದಿಲಶಾದ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ತಲುಪಿದೆ.

ಪರೀಕ್ಷೆ ಕ್ರಮಪ್ರಕಾರವೇ ಆಗಿದೆ. ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ, ಮಡಿಲಿಗೆ ಬಣ್ಣದ ಮಣಿಗಳನ್ನು ಕೊಟ್ಟು, ಸಪ್ಪಳ ಬಂದಾಗಲೆಲ್ಲ ಒಂದು ಮಣಿ ಡಬ್ಬಿಯೊಳಗೆ ಹಾಕಬೇಕೆಂದು ನಾನೇ ಹಾಕಿ ತೋರಿಸಿದೆ. ಫರೀನ್ ಒಂದು ಮಣಿಯನ್ನೂ ಹಾಕಲಿಲ್ಲ. ಐದು ಸಲ ಪ್ರಯತ್ನಿಸಿದ್ದೇನೆ. ಮನೆಯಲ್ಲಿ ಒಂದೇ ಭಾಷೆ ಇರಬೇಕೆಂಬುದು ತರಬೇತಿಯಲ್ಲಿ ನಮಗೆ ಕಲಿಸಿದ ನಿಯಮ.

ನಿಮ್ಮ ಪ್ರಶ್ನೆಯನ್ನು ತರಬೇತಿಯ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮಗುವಿನಲ್ಲಿ ಏನಾದರೂ ಬದಲಾವಣೆ ಕಂಡರೆ ತಿಳಿಸಿ.

ತಮ್ಮ ವಿಶ್ವಾಸಿ,
ಮಹಾನಂದಾ


ಸಂಪಗಾಂವ
೧೬ ಮಾರ್ಚ್ ೧೯೯೮

ಮೇಡಂ, ಮೇಡಂ, ಮೇಡಂ!

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮಾಫ್ ಮಾಡಿ. ಬದಲಾವಣೆ ಕಂಡರೆ ತಿಳಿಸಿ ಎಂದಿರಲ್ಲ? ಕುಳಿತುಕೊಂಡು ಓದಿ!

ನಮ್ಮದು ಗಾದಿ ಮಾಡುವ ಮನೆ. ಕಿತ್ತೂರಿನವರ ಮದುವೆಗೆ ಆರು ಗಾದಿ ಕೊಡುವುದಿತ್ತು. ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಅರಳೆ ಬಿಡಿಸುವ ಮಶೀನು ನಿಂತಿತು. ನಮ್ಮವರು ಬೈಯುತ್ತ ಬೈಯುತ್ತ ತಮ್ಮ ತಂದೆಯ ಕಾಲದ ಬಿಲ್ಲನ್ನು ಜಂತಿಯಿಂದ ಇಳಿಸಿ, ಅದರ ತಂತಿಯಿಂದ ಅರಳೆ ಬಡಿಯಲು ಕುಳಿತರು. ಅತ್ತೆ ಪಡಸಾಲೆಯಲ್ಲಿ ತಸಬಿ ಎಣಿಸುತ್ತಿದ್ದರು. ತಸಬಿ ಎಂದರೆ ನಮ್ಮ ಜಪಮಾಲೆ, ತೊಂಬತ್ತೊಂಬತ್ತು ಮಣಿಯದು. ಫರೀನ್ ಹಳೆಯ ತಸಬಿಯೊಂದನ್ನು ಹಿಡಿದು, ಅಪ್ಪನಿಗೆ ಬೆನ್ನು ಮಾಡಿ, ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಳು. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ.

ಬಿಲ್ಲು ಧೈಂ ಎಂದಿತು. ಫರೀನ್ ಒಂದು ಮಣಿ ಸರಿಸಿದಳು. ಮತ್ತೆ ಧೈಂ. ಮತ್ತೊಂದು ಮಣಿ. ನಮ್ಮವರು ಬೆವರು ಒರೆಸಿಕೊಳ್ಳಲು ನಿಂತರು, ಅವಳ ಬೆರಳೂ ನಿಂತಿತು. ಧೈಂ, ಮಣಿ! ಜರಡಿ ನನ್ನ ಕೈಯಲ್ಲೇ ಉಳಿಯಿತು ಮೇಡಂ. ಅತ್ತೆಯ ಮಣಿಗೆ ತಾಳ ಹಾಕುತ್ತಿದ್ದಾಳೇನೋ ಎಂದುಕೊಂಡೆ. ಇಲ್ಲ, ಅತ್ತೆಯ ಮಣಿ ಬೇರೆಯೇ ಓಡುತ್ತಿತ್ತು.

ನಾನು ಚೀರಿದ್ದಕ್ಕೆ ನಮ್ಮವರು ಎದ್ದು ಬಂದರು. "ಹುಚ್ಚಿ, ನೆಲಾ ನಡಗತೈತಿ, ಅದು ಗೊತ್ತಾಗಿರಬೇಕ ಅಕಿಗಿ" ಎಂದರು. ನಾನು ಬಿಡುತ್ತೇನೆಯೇ? ನಾಲ್ಕು ಗಾದಿ ಒಂದರ ಮೇಲೊಂದು ಒಟ್ಟಿ ಫರೀನಳನ್ನು ಅದರ ಮೇಲೆ ಕೂಡಿಸಿದೆ. ಯಾವ ನಡುಕ ಹತ್ತುತ್ತದೆ ನೋಡೋಣ! ಬರಿಗಾಲಲ್ಲಿ ಓಡಿ ಸತ್ಯವ್ವನನ್ನು ಎಳೆದು ತಂದೆ. ಬಾಗಿಲ ಹಿಂದೆ ನಿಂತು ತಾಮ್ರದ ಕೊಡ ಬಡಿಯಲು ಹೇಳಿದೆ. ಕೊಡ ಬಡಿದಾಗಲೆಲ್ಲ ಮಣಿ ಸರಿಯಿತು. ಚಮಚದಿಂದ ಗಾಜಿನ ಲೋಟ ಬಡಿದರೆ ಮಾತ್ರ ಸರಿಯಲಿಲ್ಲ. ಸತ್ಯವ್ವ ಕೊಡ ಅಲ್ಲೇ ಒಗೆದು ಬಂದು, "ಅಯ್ಯ ಶಿವನ! ಕೂಸಿಗಿ ಕೇಳಸತೈತಿ! ಕೇಳಸತೈತಿ ನೋಡ ಖತಿಜಾ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಗಲೂ ಮೊಮ್ಮಗಳಿಗೆ ಒಂದು ಮಾತು ಆಡಲಿಲ್ಲ, ನಿಮ್ಮ ಅಪ್ಪಣೆ ಇದೆಯಲ್ಲ!

ಈಗ ಆ ಶಿಬಿರದ ವಿಷಯ. ಫರೀನ್ ಎರಡು ವರ್ಷದವಳಿದ್ದಾಗ ಅತ್ತೆಯ ತಸಬಿ ಹರಿದು ಮಣಿಯೆಲ್ಲ ಚೆಲ್ಲಿದ್ದವು. ಇವಳು ಒಂದು ಮಣಿ ಹಿಡಿದು ನೀರಿನ ಬಕೆಟ್ಟಿಗೆ ಎಸೆದಳು. ಅತ್ತೆ ಇವಳ ಕೈ ಹಿಡಿದು ಅದನ್ನು ತೆಗೆಸಿ, ಮುತ್ತು ಕೊಡಿಸಿ, ಕಣ್ಣಿಗೆ ಒತ್ತಿಸಿದರು. ಒಂದೊಂದೇ ಮಣಿಗೆ ಹಾಗೆ ಮಾಡಿಸಿದರು. ಅಂದಿನಿಂದ ಈ ಕೂಸು ಯಾವ ಮಣಿಯನ್ನೂ ಎಸೆದದ್ದಿಲ್ಲ. ನೀವು ಮಣಿ ಕೊಟ್ಟು ತಗಡಿನ ಡಬ್ಬಿಗೆ ಹಾಕು ಎಂದಿರಿ. ಹೇಗೆ ಹಾಕಿಯಾಳು? ಮೇಡಂ, ಸಪ್ಪಳ ಬಂದರೆ ಮಣಿ ಎಂಬ ಆಟ ಕಲಿಸಿದವರು ನೀವೇ. ಅವಳು ಅದನ್ನು ಇಂದಿಗೂ ಆಡುತ್ತಿದ್ದಾಳೆ, ನಮ್ಮ ಮನೆಯ ರೀತಿಯಲ್ಲಿ! ಆವತ್ತು ಅವಳ ಕೈಯಲ್ಲಿ ಮಣಿ ಏನು ಮಾಡುತ್ತಿದ್ದವು, ನೆನಪು ಮಾಡಿಕೊಳ್ಳಿ.

ಉತ್ತರದ ದಾರಿ ಕಾಯುವ,
ದಿಲಶಾದ


ಸವದತ್ತಿ
೨೧ ಮಾರ್ಚ್ ೧೯೯೮

ಪ್ರಿಯ ದಿಲಶಾದ,

ನಿಮ್ಮ ಪತ್ರ ಓದುತ್ತ ಓದುತ್ತ ಕುರ್ಚಿಯಿಂದ ಎದ್ದುಬಿಟ್ಟೆ. ಕಪಾಟು ತೆಗೆದು ಶಿಬಿರದ ಕಾಗದಗಳನ್ನು ನೆಲದ ಮೇಲೆ ಹರವಿಕೊಂಡು ಹುಡುಕಿದೆ. ಫರೀನಳ ಕಾಗದದ ಕೆಳಗೆ ನನ್ನದೇ ಅಕ್ಷರದಲ್ಲಿ ಹೀಗಿದೆ: "ಮಗು ಮಣಿಗಳನ್ನು ಎಡಗೈಯಿಂದ ಬಲಗೈಗೆ ಒಂದೊಂದಾಗಿ ಬದಲಿಸುತ್ತ ಆಟವಾಡುತ್ತದೆ. ಗಮನವಿಲ್ಲ."

ಗಮನವಿಲ್ಲದವಳು ನಾನು! ನನ್ನ ಕಣ್ಣ ಮುಂದೆಯೇ ಆ ಹುಡುಗಿ ಉತ್ತರ ಹೇಳುತ್ತಿದ್ದಳು. ನಾನು ಡಬ್ಬಿಯನ್ನು ನೋಡುತ್ತ ಕುಳಿತಿದ್ದೆ. ನಾಚಿಕೆಯಾಗುತ್ತಿದೆ. ಹಾಗೇ ಕುಣಿಯುವಷ್ಟು ಖುಷಿಯೂ ಆಗುತ್ತಿದೆ, ಎರಡನ್ನೂ ಮುಚ್ಚಿಡುವುದಿಲ್ಲ.

ಇನ್ನೊಂದು ಹೇಳಬೇಕು. ನಾನು ರಾಮದುರ್ಗ ತಾಲ್ಲೂಕಿನ ಕಟಕೋಳದವಳು. ತರಬೇತಿಗೆಂದು ದಕ್ಷಿಣಕ್ಕೆ ಹೋದಾಗ ಮೊದಲ ದಿನ ತರಗತಿಯಲ್ಲಿ ಎದ್ದು ನಿಂತು "ನಮ್ಮೂರಾಗ ಕಿವಿ ಡಾಕ್ಟರ ಇಲ್ರಿ" ಎಂದೆ. ಎಲ್ಲರೂ ನಕ್ಕರು. "ಇಂಥ ಭಾಷೆಯಲ್ಲಿ ಮಕ್ಕಳಿಗೆ ಮಾತು ಕಲಿಸುತ್ತೀಯಾ?" ಎಂದರು ಒಬ್ಬರು. ಎರಡು ವರ್ಷ ನಾಲಿಗೆ ಕಟ್ಟಿಕೊಂಡು ಪುಸ್ತಕದ ಹಾಗೆ ಮಾತಾಡಿದೆ. ಊರಿಗೆ ಬಂದಾಗ ನನ್ನ ಅವ್ವ ರಾಮವ್ವ, "ಯಾಕಬೇ, ಪರ ಊರಾಕಿ ಹಂಗ ಮಾತಾಡತಿ?" ಎಂದು ಮುಖ ನೋಡಿದಳು. ನನ್ನ ನಾಲಿಗೆಗೆ ಬಿದ್ದ ಬರೆಯನ್ನು ಖತಿಜಾಬಿ ಅಮ್ಮನ ನಾಲಿಗೆಗೂ ಹಾಕಿದೆನಲ್ಲ!

ಮಾರ್ಚ್ ೨೯, ಭಾನುವಾರ ಮುಂಜಾನೆ ಬೈಲಹೊಂಗಲದ ಬಸ್ಸಿಗೆ ಬರುತ್ತೇನೆ, ಪರೀಕ್ಷೆಯ ಯಂತ್ರ ಹೊತ್ತುಕೊಂಡು. ಶಾಂತವಾದ ಒಂದು ಕೋಣೆ ಬೇಕು. ಖತಿಜಾಬಿ ಅಮ್ಮನನ್ನು ಕೇಳಿ: ಪರೀಕ್ಷೆಗೆ ಅವರ ತಸಬಿಯನ್ನು ಮಗುವಿನ ಕೈಗೆ ಕೊಡಬಹುದೇ? ಬೇಡವೆಂದರೆ ಬೇಡ, ಬೇರೆ ದಾರಿ ನೋಡೋಣ. ಖಾಸಿಮಸಾಬರಿಗೆ ಆ ಅರ್ಜಿ ತುಂಬಬೇಡಿ ಎಂದು ಹೇಳಿ.

ನಿಮ್ಮ,
ಮಹಾನಂದಾ


ಸವದತ್ತಿ
೨ ಏಪ್ರಿಲ್ ೧೯೯೮

ಪ್ರಿಯ ದಿಲಶಾದ,

ನಿಮ್ಮ ಮನೆಯ ಸಜ್ಜೆ ರೊಟ್ಟಿಯ ರುಚಿ ಇನ್ನೂ ಬಾಯಲ್ಲಿದೆ.

ಮೊನ್ನೆಯ ಪರೀಕ್ಷೆಯ ಫಲಿತಾಂಶ ಖಾಸಿಮಸಾಬರಿಗೆ ಓದಿ ಹೇಳಿ: ಫರೀನಳಿಗೆ ದಪ್ಪ ಸಪ್ಪಳಗಳು ಜೋರಾಗಿದ್ದರೆ ಕೇಳಿಸುತ್ತವೆ, ಸಣ್ಣ ಚೂಪು ಸಪ್ಪಳಗಳು ಕೇಳಿಸುವುದಿಲ್ಲ. ಕಿವಿಯಂತ್ರ ಹಾಕಿ, ದಿನವೂ ಹತ್ತಿರ ಕುಳಿತು ಮಾತಾಡಿದರೆ ಮಾತು ಬರಬಹುದು. 'ಬರಬಹುದು' ಎಂದೇ ಬರೆಯುತ್ತೇನೆ, ಖಾತರಿ ಕೊಡಲಾರೆ. ಹಳೆಯ ಕಾಗದ ರದ್ದು. ಮುಂದಿನ ವರ್ಷದ ಜೂನ್‌ವರೆಗೆ ನೋಡೋಣ ಎಂದು ಅವರು ಒಪ್ಪಿದರಲ್ಲ, ಅಷ್ಟು ಸಾಕು. ವಸತಿ ಶಾಲೆ ಕೆಟ್ಟದ್ದಲ್ಲ, ಅಲ್ಲಿ ಕೈಸನ್ನೆಯಲ್ಲೇ ಚೆನ್ನಾಗಿ ಬೆಳೆದ ಮಕ್ಕಳನ್ನು ನಾನು ಬಲ್ಲೆ. ಆದರೆ ನನ್ನ ತಪ್ಪು ಕಾಗದ ನೋಡಿ ಅವಳು ಮನೆ ಬಿಡಬಾರದು.

ಯಂತ್ರ ಹಚ್ಚುವ ಮುಂಚೆ ಖತಿಜಾಬಿ ಅಮ್ಮ ಕೈ ತೊಳೆದು ಬಂದು ತಸಬಿಯನ್ನು ಫರೀನಳ ಕೈಗೆ ಇಟ್ಟದ್ದು ನನ್ನ ಕಣ್ಣಲ್ಲೇ ಇದೆ. ನಾನು ಹಿಂಜರಿದಾಗ, "ತಗೋರಿ ಬಾಯಾರ. ಕೇಳಿಸಿದ್ದಕ್ಕೊಂದು ಮಣಿ ಸರಿಸಿದ್ರ ಅದೂ ಅಲ್ಲಾನ ಹೆಸರ ತಗೊಂಡಂಗ" ಎಂದರಲ್ಲ, ನನ್ನ ಹತ್ತು ಪುಸ್ತಕಗಳಲ್ಲಿ ಆ ಮಾತಿಲ್ಲ.

ಇನ್ನು ಅವರ ಬೇಡಿಕೆ. ನೀವು ಚಹಾ ಮಾಡಲು ಒಳಗೆ ಹೋದಾಗ ನಾನು ಅವರ ಕಾಲಿಗೆ ನಮಸ್ಕರಿಸಿ, "ಇನ್ಮ್ಯಾಲೆ ಕೂಸಿನ ಜೋಡಿ ಮಾತಾಡ್ರಿ ಅಮ್ಮಾ, ನಿಮಗ ಬರೂ ಮಾತಿನಾಗ" ಎಂದೆ. ಆರು ವರ್ಷದ ನಂತರ ಪರರ ಮನೆಯಲ್ಲಿ ಕಟಕೋಳದ ನಾಲಿಗೆಯಲ್ಲಿ ಮಾತಾಡಿದೆ! ಅವರು ನನ್ನನ್ನೇ ದಿಟ್ಟಿಸಿ, "ಅವತ್ತ ಬ್ಯಾಡ ಅಂದ್ರಿ, ಇವತ್ತ ಬೇಕ ಅಂತೀರಿ, ನಾಳೆ ಮತ್ತೇನಂತೀರೋ. ನಮ್ಮ ಖಾಸಿಮ ಕಾಗದಾ ನಂಬಾಂವ. ಬರದ ಕೊಡ್ರಿ, ಸಿಕ್ಕಾ ಹೊಡದು" ಎಂದರು. ಆಗಲಿ! ಕಚೇರಿಯ ಮೊಹರು ಒತ್ತಿ ಜೊತೆಗಿಟ್ಟ ಹಾಳೆಯನ್ನು ಅವರ ಕೈಗೇ ಕೊಡಿ.

ಮಹಾನಂದಾ

(ಜೊತೆಯ ಹಾಳೆ)

ಸಂಬಂಧಪಟ್ಟವರಿಗೆಲ್ಲ ಈ ಮೂಲಕ ತಿಳಿಸುವುದೇನೆಂದರೆ, ಸಂಪಗಾಂವದ ಶ್ರೀಮತಿ ಖತಿಜಾಬಿ ನದಾಫ ಇವರಿಗೆ ತಮ್ಮ ಮೊಮ್ಮಗಳು ಫರೀನಳ ಜೊತೆ ಮುಂಜಾನೆಯಿಂದ ಅವಳು ಮಲಗುವವರೆಗೆ ಉರ್ದುವಿನಲ್ಲಿ ಮಾತಾಡಲು, ಹಾಡಲು, ಮುದ್ದಿಸಲು ಮತ್ತು ಬೈಯಲು ಪರವಾನಗಿ ಇದೆ. ನೆರೆಮನೆಯ ಸತ್ಯವ್ವನಿಗೆ ಕನ್ನಡದಲ್ಲಿ ಇದೇ ಪರವಾನಗಿ ಇದೆ. ಹಿಂದಿನ ಅಪ್ಪಣೆ ನನ್ನ ತಪ್ಪು. ಅದನ್ನು ವಾಪಸು ಪಡೆದಿದ್ದೇನೆ.
(ಸಹಿ) ಮಹಾನಂದಾ. ಸಿಕ್ಕಾ ಹೊಡೆದಿದೆ.


ಸಂಪಗಾಂವ
೧೪ ಆಗಸ್ಟ್ ೧೯೯೮

ಪ್ರೀತಿಯ ಮಹಾನಂದಾ ಅಕ್ಕಾ,

ನಿನ್ನ ಪರವಾನಗಿಗೆ ಅತ್ತೆ ಕಟ್ಟು ಹಾಕಿಸಿದ್ದಾರೆ! ಪಡಸಾಲೆಯ ಗೋಡೆಯ ಮೇಲಿದೆ. ಓದಲು ಬಾರದಿದ್ದರೂ ಬಂದವರಿಗೆಲ್ಲ ಸಿಕ್ಕಾ ತೋರಿಸುತ್ತಾರೆ. ಮೂರು ತಿಂಗಳು ಕಟ್ಟಿದ್ದ ಬಾಯಿ ಈಗ ಕಟ್ಟೆಯೊಡೆದಿದೆ. ಸತ್ಯವ್ವ, "ನಾವೂ ಸಿಕ್ಕಾ ಇದ್ದವರ" ಎಂದು ದಿನಕ್ಕೆ ಎರಡು ಸಲ ಬಂದು ಕನ್ನಡದಲ್ಲಿ ಕೂಗುತ್ತಾಳೆ.

ಕಿವಿಯಂತ್ರ ಬಂದ ಮೊದಲ ವಾರ ಫರೀನ್ ವಾಯರು ಕಿತ್ತು ಕಿತ್ತು ಒಗೆದಳು. ಸಪ್ಪಳ ಹಿಡಿಯುವ ಅದರ ಡಬ್ಬಿ ಎದೆಯ ಮೇಲೆ ಒತ್ತುತ್ತಿತ್ತು. ನಮ್ಮವರು ಎದ್ದು ಹೋಗಿ, ಗಾದಿಯ ಪಟ್ಟೆ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು, ಒಳಗೆ ಬಿಡಿಸಿದ ಅರಳೆಯ ಮೆತ್ತೆ ಇಟ್ಟು ತಂದರು. ಈಗ ಅದನ್ನು ಬಿಚ್ಚುವುದೇ ಇಲ್ಲ!

ನೀನು ಕೊಟ್ಟ ಚಿತ್ರದ ಚೀಟಿಗಳನ್ನು ಅತ್ತೆ ಒಪ್ಪಲಿಲ್ಲ. "ಈ ಹಡಗ ಸಂಪಗಾಂವದಾಗ ಎಲ್ಲಿ ನಿಂತೈತಿ?" ಎಂದರು. ನಾವೇ ಹೊಸ ಚೀಟಿ ಬರೆದಿದ್ದೇವೆ: ರೊಟ್ಟಿ, ಗಾದಿ, ಬಿಲ್ಲು, ಸತ್ಯವ್ವನ ಎಮ್ಮೆ. ಹೆಸರು ಕೂಗಿದರೆ ತಿರುಗುತ್ತಾಳೆ. ಅತ್ತೆ "ಪಾನಿ" ಎಂದರೂ ಸತ್ಯವ್ವ "ನೀರು" ಎಂದರೂ ತಂಬಿಗೆ ತರುತ್ತಾಳೆ, ಯಾವ ಗೊಂದಲವೂ ಇಲ್ಲ!

ಆದರೆ ಅಕ್ಕಾ, ಬಾಯಿಂದ ಒಂದು ಮಾತೂ ಹೊರಟಿಲ್ಲ. ನಾಲ್ಕು ತಿಂಗಳಾಯಿತು. ನಮ್ಮವರು ಆ ಅರ್ಜಿಯನ್ನು ಇನ್ನೂ ಎಸೆದಿಲ್ಲ. ನನಗೆ ಭಯವಾಗುತ್ತದೆ.

ನಿನ್ನ ತಂಗಿ,
ದಿಲಶಾದ


ಕಟಕೋಳ
೨ ನವೆಂಬರ್ ೧೯೯೮

ದಿಲಶಾದ,

ರಜೆಗೆ ಊರಿಗೆ ಬಂದಿದ್ದೇನೆ, ಕಾರ್ಡೇ ಸಿಕ್ಕಿತು. ಇನ್ನೂ ಮಾತು ಬಂದಿಲ್ಲವೆಂದು ಮತ್ತೆ ಬರೆದಿದ್ದೀಯಲ್ಲ, ಹೆದರಬೇಡ. ಕೂಸು ಹುಟ್ಟಿದ ಮೇಲೆ ವರ್ಷಗಟ್ಟಲೆ ಕೇಳಿಯೇ ಮಾತಾಡುತ್ತದೆ. ಫರೀನಳ ಕಿವಿ ಹುಟ್ಟಿ ಏಳು ತಿಂಗಳಷ್ಟೇ. ನಿನಗೆ ಹೀಗೆ ಧೈರ್ಯ ಬರೆದು ನಾನೇ ದಿನಾ ಅಂಚೆಯವನ ದಾರಿ ನೋಡುತ್ತೇನೆ. ಅವ್ವ, "ಯಾರ ಪತ್ರಕ್ಕಬೇ ಇಷ್ಟ ಕಾಯತಿ?" ಎಂದು ನಗುತ್ತಾಳೆ. ಒಂದು ಮಾತು ಬಂದರೂ ಬರೆ, ಅರ್ಧ ಮಾತು ಬಂದರೂ ಬರೆ.

ಮಹಾನಂದಾ


ಸಂಪಗಾಂವ
೨೫ ಜನವರಿ ೧೯೯೯

ಅಕ್ಕಾ,

ನಾವೆಲ್ಲ ಕ್ಷೇಮ! ನೋಡು, ಈ ಸಲ ಆ ಸಾಲನ್ನೇ ಮೊದಲು ಬರೆದಿದ್ದೇನೆ!

ನಮ್ಮವರು ವಸತಿ ಶಾಲೆಯ ಅರ್ಜಿಯನ್ನು ನಿನ್ನೆ ಒಲೆಗೆ ಹಾಕಿದರು. ಆಮೇಲೆ ಅಂಗಿ ತೊಟ್ಟು ಊರ ಶಾಲೆಯ ಹೆಡ್‌ಮಾಸ್ತರರ ಹತ್ತಿರ ಹೋಗಿ, "ಜೂನಕ್ಕ ನನ್ನ ಮಗಳು ಬರತಾಳ್ರಿ. ಮುಂದಿನ ಸಾಲಿನ್ಯಾಗ ಕುಂಡರಸ್ರಿ, ಅಕಿಗಿ ಕೇಳಸತೈತಿ" ಎಂದು ಹೇಳಿ ಬಂದರು. ಏಕೆ ಎಂಬುದನ್ನು ನಾನೇ ಬರೆಯಬೇಕೆಂದು ಕುಳಿತೆ. ಅತ್ತೆ ಬಿಡಲಿಲ್ಲ, "ನಾ ಹೇಳತೇನಿ, ನೀ ಬರಿ" ಎಂದು ಪಕ್ಕದಲ್ಲೇ ಕುಳಿತಿದ್ದಾರೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

"ಮಹಾನಂದಾ ಬೇಟಿ, ನಿನಗ ನನ್ನ ದುವಾ. ನಿನ್ನ ಮ್ಯಾಲ ಒಂದ ತಕರಾರ ಐತಿ, ಕೇಳು.

ನಲವತ್ತ ವರ್ಷ ಆತು, ತಸಬಿ ಬಾಯಾಗ ಬಾಯಾಗ ಓದಕೋತ ಬಂದಾಕಿ ನಾ. ಬಾಜೂಕ ಕುಂತ ನನ್ನ ಗಂಡಗೂ ಕೇಳಿಸಿಲ್ಲ. ಈ ಈದಿನ ದಿನ ನಮಾಜ ಮುಗಿಸಿ ಕುಂತೇನಿ. ಈ ಹುಡುಗಿ ಬಂತು, ಹೊಸ ಅಂಗಿ ಹಾಕ್ಕೊಂಡು. ನನ್ನ ತುಟಿ ನೋಡತು. ಎದಿ ಮ್ಯಾಲಿನ ಡಬ್ಬಿ ಚೀಲದಿಂದ ತಗದು ನನ್ನ ಬಾಯಿ ಮುಂದ ಹಿಡೀತು. ಹಿಡದು, 'ಕ್ಯಾ ಬೋಲೆ, ದಾದಿ?' ಅಂತು. ಏನಂದಿ ಅಜ್ಜಿ, ಅಂತ! ಹೋದ ವರ್ಷ ಈದಿಗಿ ಈ ಕೂಸಿಗಿ ಒಂದ ಮಾತ ಆಡಿರಲಿಲ್ಲ ನಾ. ದಿಲಶಾದ ಒಳಗಿಂದ ಓಡಿ ಬಂದ್ಲು, ಖಾಸಿಮ ಗಾದಿ ಮ್ಯಾಲ ಕುಂತಾಂವ ಕುಂತಲ್ಲೇ ಅಳಾಕಹತ್ತಿದ. ಸತ್ಯವ್ವ ಬಂದು ನಮ್ಮನ್ನೆಲ್ಲಾ ಬೈದು ಸುರಕುಂಬಾ ಬಡಿಸಿದ್ಲು.

ಈಗ ತಕರಾರ. ಅವತ್ತಿಂದ ನನಗ ಒಂದ ತಸಬಿ ಪೂರಾ ಮುಗಸಾಕ ಬಿಟ್ಟಿಲ್ಲ ಈಕಿ. ಒಂದ ಮಣಿ ಸರಸೂದ್ರಾಗ 'ಕ್ಯಾ ಬೋಲೆ?' ಹೇಳತೇನಿ. ಇನ್ನೊಂದ ಮಣಿ, ಮತ್ತ 'ಕ್ಯಾ ಬೋಲೆ?' ಎಷ್ಟ ಆದೂ ಅನ್ನೂದ ಮರತ ಹೋಗತೈತಿ, ಮತ್ತ ಮೊದಲಿಂದ ಹಿಡೀತೇನಿ. ಅಲ್ಲಾಗ ಹೇಳಿಬಿಟ್ಟೇನಿ, ತಪ್ಪಿದ್ದ ಮಾಫ್ ಮಾಡಪಾ, ಮೊಮ್ಮಗಳು ಕೇಳಾಕತ್ತಾಳ ಅಂತ. ಇನ್ನ ಗಟ್ಟಿಯಾಗೇ ಓದತೇನಿ. ನೀನೂ ಒಮ್ಮಿ ಬಂದ ಕೇಳಿ ಹೋಗು."

ಬರೆದವಳು ದಿಲಶಾದ
ಹೆಬ್ಬೆಟ್ಟು: ಖತಿಜಾಬಿ